ವೀಲ್‌ಚೇರ್ ಹಾಕದ ಟಿಕೆಟ್

ಇದನ್ನು ನಾಲ್ಕು ಜನರ ಮುಂದೆ ಹೇಳುವುದನ್ನು ಹದಿನೈದು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಆಗ ನಾನು ಹ್ಯೂಸ್ಟನ್‌ನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಬುಕಿಂಗ್ ಕ್ಲರ್ಕ್. ಓದಿದ್ದು ಹೈಸ್ಕೂಲು ಮಾತ್ರ. ಇಲ್ಲಿ ನೆಲೆಸಿದ ನಮ್ಮವರು ತಾವೇ ಹಣ ಕಟ್ಟಿ ಊರಿನ ತಂದೆತಾಯಿಯರನ್ನು ಕರೆಸಿಕೊಳ್ಳುವ ಟಿಕೆಟ್‌ಗಳೇ ನಮ್ಮ ಮುಖ್ಯ ವ್ಯಾಪಾರ.

ಮಾಲಕಿ ಇಂಗ್ರಿಡ್ ನಾರ್ವೆ ಮೂಲದವಳು. ಅವಳ ಮುತ್ತಜ್ಜನಿಗೂ ಟೆಕ್ಸಸ್‌ನಲ್ಲಿದ್ದ ಅಣ್ಣನೇ ಹಡಗಿನ ಟಿಕೆಟ್ ಕೊಂಡು ಕಳಿಸಿದ್ದನಂತೆ. ಅಣ್ಣನ ಹೊಲದಲ್ಲಿ ದುಡಿದು ಅದನ್ನು ತೀರಿಸಿ, ಮುತ್ತಜ್ಜ ತನ್ನ ತಂಗಿಗೆ ಟಿಕೆಟ್ ಕಳಿಸಿದ. “ಹಾಗೇ ಒಬ್ಬರನ್ನೊಬ್ಬರು ಎಳೆದುಕೊಂಡು ಬಂದರು. ಆದರೂ ಸಾಯುವವರೆಗೂ ಅಣ್ಣನನ್ನು ಬೈಯುತ್ತಿದ್ದನಂತೆ,” ಎಂದು ಇಂಗ್ರಿಡ್ ನಗುತ್ತಿದ್ದಳು.

ಆ ಬೈಗುಳ ನನಗೆ ಅರ್ಥವಾಗುತ್ತಿತ್ತು. ನನ್ನ ಟಿಕೆಟ್ಟಿಗೆ ಹಣ ಕೊಟ್ಟವನು ದೊಡ್ಡಪ್ಪನ ಮಗ ರಾಘಣ್ಣ. ಬಂದ ಎರಡೇ ವರ್ಷದಲ್ಲಿ ಅದನ್ನು ತೀರಿಸಿದ್ದೆ. ಆದರೂ ಹ್ಯೂಸ್ಟನ್ ಹೊರವಲಯದ ಸೈಪ್ರೆಸ್‌ನ ಅವನ ಮನೆಯಲ್ಲಿ ಜನ ಸೇರಿದಾಗಲೆಲ್ಲ, “ಇಂವಾ ನನ್ನ ಟಿಕೆಟ್ ಮ್ಯಾಲೆ ಬಂದಾಂವ್ರೀ! ಇಲ್ಲಾಂದ್ರ ಇನ್ನೂ ಹುಬ್ಬಳ್ಳಿ ಸ್ಟ್ಯಾಂಡಿನ್ಯಾಗ ಬಸ್ ಎಣಿಸ್ಕೋತ ಕುಂದರ್ತಿದ್ದ,” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನ್ನ ಮಕ್ಕಳೂ ನಕ್ಕ ದಿನ, ಇವನನ್ನು ಬಿಡಬಾರದು ಅಂದುಕೊಂಡೆ.

ಅವಕಾಶವನ್ನು ಅವನೇ ತಂದುಕೊಟ್ಟ. ಧಾರವಾಡದಿಂದ ತಾಯಿಯನ್ನು ಕರೆಸಲು ನನ್ನ ಕೌಂಟರಿಗೇ ಬಂದ. ನನ್ನ ದೊಡ್ಡವ್ವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಕಾಲು ಗಟ್ಟಿಯಿರುವ ಹಿರಿಯರಿಗೂ ನಮ್ಮವರು ಟಿಕೆಟ್ಟಿನಲ್ಲೇ ವೀಲ್‌ಚೇರ್ ಹಾಕಿಸುತ್ತಾರೆ. ಅದನ್ನು ತಳ್ಳುವ ಸಿಬ್ಬಂದಿ ಭಾಷೆ ಬಾರದವರನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ಮುಟ್ಟಿಸುತ್ತಾರೆ. ದೊಡ್ಡವ್ವನೇ ಫೋನಿನಲ್ಲಿ, “ಗಾಲಿ ಕುರ್ಚಿ ಮರೀಬ್ಯಾಡಪಾ ತಮ್ಮಾ,” ಎಂದಿದ್ದಳು. “ಆತು ದೊಡ್ಡವ್ವಾ,” ಎಂದೆ. ಹಾಕಲಿಲ್ಲ. ರಾಘಣ್ಣ ಏರ್‌ಪೋರ್ಟಿನಲ್ಲಿ ಒದ್ದಾಡುವುದನ್ನು ನಾನು ನೋಡಬೇಕಿತ್ತು.

ನೋಡಿದೆ. ಫ್ರಾಂಕ್‌ಫರ್ಟ್‌ನಲ್ಲಿ ದೊಡ್ಡವ್ವನಿಗೆ ಎರಡನೆಯ ವಿಮಾನ ತಪ್ಪಿತು. ಹ್ಯೂಸ್ಟನ್‌ನಲ್ಲಿ ಪ್ರಯಾಣಿಕರೆಲ್ಲ ಹೊರಬಂದ ಮೇಲೂ ರಾಘಣ್ಣ ಬಾಗಿಲನ್ನೇ ನೋಡುತ್ತ ನಿಂತ. ಆಮೇಲೆ ಏರ್‌ಲೈನಿನ ಕೌಂಟರಿಗೂ ಬಾಗಿಲಿಗೂ ಓಡಾಡತೊಡಗಿದ. ನಾನು ಪಕ್ಕದಲ್ಲಿ ನಿಂತು ಕಾಫಿ ಕುಡಿದೆ. ಅಷ್ಟು ರುಚಿಯಾದ ಕಾಫಿಯನ್ನು ಈ ದೇಶದಲ್ಲಿ ಮತ್ತೆ ಕುಡಿದಿಲ್ಲ.

ಮರುದಿನ ದೊಡ್ಡವ್ವ ಬಂದಳು. ಚಪ್ಪಲಿ ಕೈಯಲ್ಲಿತ್ತು; ಪಾದಗಳು ಊದಿಕೊಂಡಿದ್ದವು. ನೀರು ಕೇಳಲೂ ಭಾಷೆ ಬಾರದೆ ಬಾಯಾರಿಕೊಂಡೇ ಕುಳಿತಿದ್ದಳಂತೆ.

“ವೀಲ್‌ಚೇರ್ ಯಾಕ ಹಾಕಿಲ್ಲಲೇ?” ರಾಘಣ್ಣ ನನ್ನ ಕಾಲರ್ ಹಿಡಿದ.

“ಬಿಡೋ ಅವನ್ನ,” ಎಂದಳು ದೊಡ್ಡವ್ವ. “ನಾನ ಬ್ಯಾಡ ಅಂದಿದ್ದೆ. ನನಗೇನ ಕಾಲಿಲ್ಲೇನು?”

ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಎಷ್ಟೋ ವರ್ಷಗಳ ನಂತರ ರಾಘಣ್ಣನ ಮುಂದೆ ಎಲ್ಲ ಒಪ್ಪಿಕೊಂಡು ಕ್ಷಮೆ ಕೇಳಿದೆ. ಅವನು ನನ್ನ ಜೊತೆ ಮಾತು ಬಿಟ್ಟ, ಬಿಡಲಿ. ಟಿಕೆಟ್ಟಿಗೆ ಹಣ ಕಟ್ಟುವವರು ಒಬ್ಬರು, ಪ್ರಯಾಣ ಮಾಡುವವರು ಇನ್ನೊಬ್ಬರು. ಕಟ್ಟಿದವನ ಮೇಲಿನ ಸಿಟ್ಟು ನಡೆದು ಬಂದವಳ ಕಾಲಿನ ಮೇಲೆ ಬಿತ್ತು. ಟಿಕೆಟ್ ಬುಕ್ ಮಾಡುವ ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆ ಸಲ ದೊಡ್ಡವ್ವ ಊರಿಗೆ ಮರಳುವಾಗ ವೀಲ್‌ಚೇರ್ ಹಾಕಿಸಿದೆ, ಅವಳೆದುರು ಬಾಯಿ ಮಾತ್ರ ಬಿಡಲಿಲ್ಲ. ಮರುವರ್ಷವೇ ಅವಳು ತೀರಿಕೊಂಡಳು.

ನಾನು ಕ್ಷಮೆ ಕೇಳದೇ ಹೋದ ಆ ದೊಡ್ಡವ್ವನ ಹೆಸರು ನೀಲವ್ವ.