ಇನ್ನೂರ ಹನ್ನೆರಡು ಕೂಸುಗಳ ರಾಚವ್ವ

ಬೆಳಿಗ್ಗೆ ಐದೂ ಮುಕ್ಕಾಲು. ಘಾಟ್ಕೋಪರ್‌ನ ಚಾಳೊಂದರ ಬಚ್ಚಲಿನಲ್ಲಿ ರಾಚವ್ವ ಮಣೆಯ ಮೇಲೆ ಕಾಲು ನೀಡಿ ಕುಳಿತಿದ್ದಾರೆ. ಕಾಲುಗಳ ಮೇಲೆ ಇಪ್ಪತ್ತಾರು ದಿನದ ಕೂಸು ಬೋರಲಾಗಿ ಮಲಗಿದೆ. ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಾರೆ, ಅರ್ಧ ತಂಬಿಗೆ ತಣ್ಣೀರು ಬೆರೆಸುತ್ತಾರೆ, ಮತ್ತೆ ಮೊಣಕೈ ಅದ್ದುತ್ತಾರೆ. ಎಣ್ಣೆ ತಿಕ್ಕಲು ಹದಿನೈದು ನಿಮಿಷ, ನೀರೆರೆಯಲು ಆರು, ಲೋಬಾನದ ಹೊಗೆ ಕೊಟ್ಟು ಬಟ್ಟೆ ಸುತ್ತಲು ನಾಲ್ಕು. ಅಷ್ಟು ಹೊತ್ತಿಗೆ ಕೂಸು ನಿದ್ದೆಯಲ್ಲಿದೆ.

"ಇವತ್ತ ಲಗೂನ ಹೋಗ್ತೀನವ್ವಾ. ಬಾಂದ್ರಾದಾಗ ಇಂಟರ್‌ವ್ಯೂ ಐತಿ."

"ದೊಡ್ಡವರ ಮನಿ ಸಿಕ್ಕ ಮ್ಯಾಲ ನಮ್ಮ ಗುರ್ತ ಹಿಡೀತೀರಿಲ್ಲೋ ಮಾವಶಿ?" ಬಾಣಂತಿ ಸೌಮ್ಯಾ ಕೆಣಕುತ್ತಾರೆ.

"ನಿನ್ನ ಗುರ್ತ ಮರೀಬಹುದು. ಕೂಸಿನ ಗುರ್ತ ಮರಿಯೂದಿಲ್ಲ."

ಐವತ್ತೊಂದರ ರಾಚವ್ವ ವಿಜಯಪುರದ ಕಡೆಯವರು. ಪತಿ ಭೀಮರಾಯ ದಾದರ್ ಮಾರುಕಟ್ಟೆಯಲ್ಲಿ ಹಮಾಲರು. ಇಪ್ಪತ್ತೆರಡು ವರ್ಷಗಳಲ್ಲಿ ರಾಚವ್ವ ಇನ್ನೂರ ಹನ್ನೆರಡು ಕೂಸುಗಳಿಗೆ ಎರೆದಿದ್ದಾರೆ. ದಿನಕ್ಕೆ ಮೂರು ಮನೆ. ಮೂರು ತಿಂಗಳಿಗೆ ಕೂಸಿನ ಕತ್ತು ನಿಂತರೆ ಆ ಮನೆಯ ಕೆಲಸ ಮುಗಿಯಿತು. ಹಾಗಾಗಿ ಇಷ್ಟರಲ್ಲಿ ಒಂದು ಕೂಸೂ ಮೊದಲ ಹೆಜ್ಜೆ ಇಟ್ಟದ್ದನ್ನು ಅವರು ಕಂಡಿಲ್ಲ. ಸ್ವಂತ ಮಗಳು ರೂಪಾಲಿ ನಡೆದ ಬೆಳಿಗ್ಗೆಯೂ ಇನ್ನೊಬ್ಬರ ಬಚ್ಚಲಿನಲ್ಲಿದ್ದರು.

"ಸಂಜಿಮುಂದ ಬಂದ್ರ ಅಕಿ ಓಡ್ಯಾಡಾಕ ಹತ್ತಿದ್ಳು," ಎಂದು ನಗುತ್ತಾರೆ.

ಎರಡು ವರ್ಷ ಒಂದೇ ಮನೆಯಲ್ಲಿದ್ದು ಕೂಸನ್ನು ನೋಡಿಕೊಳ್ಳುವ ಆಯಾ ಕೆಲಸ ಅವರಿಗೆ ಬೇಕು. ಐವತ್ತು ದಾಟಿತೆಂದು ಎರಡು ಮನೆಗಳು ಈಗಾಗಲೇ ಬೇಡವೆಂದಿವೆ. ಮೂರನೆಯದೇ ಕೊನೆಯದು ಎಂದು, ಆಯಾಗಳಿಗೆ ಕೆಲಸ ಕೊಡಿಸುವ ಏಜೆನ್ಸಿಯ ನಮಿತಾ ಮೊದಲೇ ತಿಳಿಸಿದ್ದಾರೆ.

ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ತಲುಪಿದ ಆ ಬಾಂದ್ರಾದ ಮನೆಯ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಹೇಳುವುದಿಲ್ಲವೆಂದು ರಾಚವ್ವ ಸಹಿ ಮಾಡಿಕೊಟ್ಟಿದ್ದಾರೆ. ಗೇಟಿನಾಚೆ ಫೋಟೋದವರು ಕಾದಿರುವ, ಊರೆಲ್ಲ ಬಲ್ಲ ಮನೆ. ಹೆಸರಿಲ್ಲದಿದ್ದರೆ ನಡೆದದ್ದನ್ನು ಹೇಳಬಹುದೆಂದು ಮನೆಯವರೇ ಒಪ್ಪಿದ್ದಾರೆ.

ಆ ಮನೆಯ ಮ್ಯಾನೇಜರ್ ಅಮಿತ ಹಿಂದಿಯಲ್ಲಿ ಕೇಳಿದ ಮೂವತ್ತೊಂದು ಪ್ರಶ್ನೆಗಳಿಗೆ ಉತ್ತರ ಸರಿಯಾಗಿಯೇ ಬಂತು. ಕೊನೆಗೆ ತಾಯಿ ತಮ್ಮ ಎರಡು ತಿಂಗಳ ಮಗಳನ್ನು ರಾಚವ್ವನ ಕೈಗಿತ್ತರು. ಕೂಸು ಕಣ್ಣು ಬಿಟ್ಟಿತು. ರಾಚವ್ವ ಅಭ್ಯಾಸಬಲದಿಂದ ಅಂದುಬಿಟ್ಟರು: "ಅಯ್ಯ, ಏನ ಕಪ್ಪೀ ಮಾರಿ ಐತಿ ಇದಕ್ಕ!"

"ಕ್ಯಾ ಬೋಲೀ ಆಪ್?" ತಾಯಿ ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಪ್ಪೆಯಂಥ ಮುಖ ಎಂದದ್ದನ್ನೇ ಹಿಂದಿಗೆ ತಿರುಗಿಸಿದರು: "ಮೇಂಡಕ್ ಜೈಸಾ ಮೂಹ್ ಹೈ, ಬೋಲೀ."

ಅಮಿತ ಫೈಲು ಮುಚ್ಚಿದರು. "ನಾನು ನೆಲ ನೋಡಿದೆ. ಎಲ್ಲಾ ಮುಗೀತು ಅಂದ್ಕೊಂಡೆ," ಎನ್ನುತ್ತಾರೆ ಜೊತೆಗೆ ಹೋಗಿದ್ದ ನಮಿತಾ.

ರಾಚವ್ವ ಮಾತ್ರ ಕೂಸನ್ನು ತೂಗುತ್ತಲೇ ವಿವರಿಸಿದರು. ಅದನ್ನು ಈಗ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ನಮ್ಮ ಕಡೆ ಕೂಸಿಗೆ ಯಾರೂ ಚಂದ ಅನ್ನೂದಿಲ್ರಿ, ದೃಷ್ಟಿ ಆಗ್ತದ. ನೀವ ಮಂದಿಗಿ ತೋರಸೂ ಫೋಟೋದಾಗ ಕೂಸಿನ ಮಾರಿ ಮ್ಯಾಲ ಒಂದು ಹೂವಿನ ಚಿತ್ರ ಹಚ್ಚಿ ಮುಚ್ಚತೀರಿ. ನಾನೂ ಮುಚ್ಚೀನಿ, ಮಾತಿಲೆ. ಎರಡೂ ಒಂದ."

ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಅತ್ತೆ ಎದ್ದು ಹೋಗಿ ಕಾಡಿಗೆಯ ಡಬ್ಬಿ ತಂದು, ಮೊಮ್ಮಗಳ ಕೆನ್ನೆಗೆ ಬೊಟ್ಟಿಟ್ಟು, "ಇನ್ನು ಯಾರನ್ನೂ ಕರೆಯುವುದು ಬೇಡ," ಎಂದು ಮರಾಠಿಯಲ್ಲಿ ಹೇಳಿದರು.

ಅಮಿತ ಫೈಲು ಮತ್ತೆ ತೆರೆದರು. "ನಿಮ್ಮ ಕಡೆಯಿಂದ ಏನಾದರೂ ಷರತ್ತು?"

"ಒಂದ ಐತ್ರಿ. ಕೂಸು ಮೊದಲನೇ ಹೆಜ್ಜಿ ಇಡೂ ದಿನ ನನಗ ಸುಟ್ಟಿ ಬ್ಯಾಡ."

ಅಮಿತ ಬರೆದುಕೊಳ್ಳುತ್ತ, ರಜೆ ಬೇಡದ ಆ ತಾರೀಖು ಯಾವುದೆಂದು ಕೇಳಿದರು.

"ಅದನ್ನ ಕೂಸು ಹೇಳ್ತದ್ರಿ."

ಸೌಮ್ಯಾರದೂ ಸೇರಿ ಮೂರು ಮನೆಯ ಕೂಸುಗಳಿಗೆ ಎರೆಯಲು ತಮ್ಮ ಓರಗೆಯ ಗಂಗುಬಾಯಿಯನ್ನು ಒಪ್ಪಿಸಿ, ರಾಚವ್ವ ಬರುವ ಸೋಮವಾರ ಹೊಸ ಕೆಲಸಕ್ಕೆ ಸೇರುತ್ತಾರೆ. ಆ ಮೊದಲ ಹೆಜ್ಜೆಗೆ ಕಾಯುವುದು ಇನ್ನೆಷ್ಟು ತಿಂಗಳು ಎಂದರೆ ಬೆರಳು ಮಡಚಿ ಎಣಿಸುತ್ತಾರೆ, ನಡುವೆಯೇ ಬಿಡುತ್ತಾರೆ.

"ಎಂಟ ಆಗಬಹುದು, ಹನ್ನೆರಡೂ ಆಗಬಹುದು. ಅವಸರೇನೈತಿ? ನಾ ಅಲ್ಲೇ ಇರ್ತೀನಲ್ಲ."