ಮೇಸ್ತ್ರಿಯ ವಾಟ, ನನ್ನ ಸಮೀಕರಣ

ಫಸ್ಟ್ ಪಿಯುಸಿಯ ದಸರಾ ರಜೆಯಲ್ಲಿ ಕೋಲಾರದಿಂದ ಶ್ರೀನಿವಾಸಪುರದ ಬಸ್ಸು ಹತ್ತಿದಾಗ ನನ್ನ ಬಳಿ ಇದ್ದದ್ದು ಎರಡು ಜೊತೆ ಬಟ್ಟೆ, ಒಂದು ಸಮೀಕರಣ. ಇಳಿಜಾರು ಗೊತ್ತಿದ್ದು, ರೇಖೆ ಹಾದುಹೋಗುವ ಒಂದೇ ಒಂದು ಬಿಂದು ಸಿಕ್ಕರೆ ಸಾಕು, ಇಡೀ ರೇಖೆಯನ್ನು ಹಿಡಿದು ಕಟ್ಟಿಹಾಕಬಹುದು ಎಂದು ಲೆಕ್ಚರರ್ ಹಿಂದಿನ ವಾರವಷ್ಟೇ ಕಲಿಸಿದ್ದರು. ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಬಂದಿತ್ತು. ಹೋದ ಆ ಒಂದು ಅಂಕ ಮೈನಸ್ ಚಿಹ್ನೆ ಬಿಟ್ಟಿದ್ದಕ್ಕೆ ಎಂಬುದನ್ನು ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರಿಗೆ ಹೇಳಲಿಲ್ಲ. ಉಳಿದ ಇಪ್ಪತ್ತನಾಲ್ಕರ ಬಗ್ಗೆ ವಿವರವಾಗಿ ಹೇಳಿದೆ. ಅವರು ತಮ್ಮ ಊರಿಗಿಂತ ಒಂದು ಸ್ಟಾಪು ಮೊದಲೇ ಇಳಿದು ನಡೆದುಹೋದರು.

ಅತ್ತೆಯ ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದು. ಎದ್ದ ಮೇಲೆ ಒಂದು ವಾರ ಸೊಪ್ಪು ತಿನ್ನುವುದೇ ಕೆಲಸ. ಆ ಸದ್ದು ಸೋನೆಮಳೆಯಂತಿರುತ್ತದೆ. ಮೊದಲ ದಿನವೇ ನಾನು ಒಣಗಿದ ಬಟ್ಟೆಗಳನ್ನು ಎತ್ತಿಡಲು ಮೂರು ಸಲ ಓಡಿದ್ದೆ. ಆಮೇಲೆ ಹುಳು ಹಣ್ಣಾಗುತ್ತದೆ. ಆಗ ಅದನ್ನು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟಲೆಂದು ಗಾಳಿ ಆಡುವ ಕಡೆ ನಿಲ್ಲಿಸಬೇಕು. ನೆನೆದರೆ ಗೂಡು ಕೆಟ್ಟಂತೆ. ಹಿಂದಿನ ಬೆಳೆಯಲ್ಲಿ ಒಂದೇ ಮಳೆಗೆ ಅತ್ತೆಯ ಅರ್ಧ ಗೂಡು ಹಾಳಾಗಿತ್ತು. ಈ ಸಲ ಹುಳದ ಮನೆಯ ಮುಂದೆ ಶೀಟಿನ ಚಪ್ಪರ ಆಗಲೇಬೇಕಿತ್ತು. ಹುಳು ಹಣ್ಣಾಗಲು ಉಳಿದಿದ್ದದ್ದು ಮೂರು ದಿನ.

ಮೇಸ್ತ್ರಿ ಹಳೇ ಪರಿಚಯದ ಸಾಬರು. ನಾನು ಚಾಚಾ ಎನ್ನುತ್ತೇನೆ. ಗೋಡೆಯಿಂದ ಆರಡಿ ದೂರದಲ್ಲಿ ತಾತನ ಕಾಲದ ಕಲ್ಲುಕಂಬವೊಂದು ನಿಂತಿತ್ತು, ಎತ್ತರ ಎಂಟಡಿ. ಅದನ್ನು ಮುಟ್ಟಬೇಡಿ, ಶೀಟು ಅದರ ತಲೆಯ ಮೇಲೇ ಹಾದುಹೋಗಲಿ ಎಂದು ಅತ್ತೆ ಹೇಳಿದ್ದರು. ಚಾಚಾ ಗೋಡೆಯಿಂದ ಹನ್ನೆರಡು ಅಡಿ ಆಚೆ, ಚಪ್ಪರದ ತುದಿಯಲ್ಲಿ ಪೈಪು ನಿಲ್ಲಿಸಲು ತೋಡಿದ್ದ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದರು.

"ಅಡಿಗೆ ಎರಡಿಂಚು ಏರಿಸ್ಕೊಂಡ್ ಹೋದ್ರೆ ವಾಟ ಸರಿಯಾಗ್ತದೆ," ಅಂದರು. ವಾಟ ಅಂದರೆ ನೀರು ಹರಿಯಲು ಕೊಡುವ ಇಳಿಜಾರು. "ಇವತ್ತು ಮುಳಬಾಗಿಲಲ್ಲಿ ಒಂದು ತಾರಸಿ ಮೋಲ್ಡ್ ಐತೆ. ನಾಳೆ ಬಂದು ದಾರ ಕಟ್ಟಿ ನೋಡಿ ಪೈಪ್ ಕಟ್ ಮಾಡಿಸ್ತೀನಿ."

ಇಳಿಜಾರು ಇದೆ. ಬಿಂದುವೂ ಇದೆ, ತಾತನೇ ನೆಟ್ಟು ಹೋಗಿದ್ದಾರೆ. ನನಗೆ ಕೈ ತುರಿಸತೊಡಗಿತು.

"ದಾರ ಯಾಕ್ ಚಾಚಾ? ಗೋಡೆ ಮೇಲೆ ಎಷ್ಟು, ಪೈಪ್ ಎಷ್ಟು, ಎಲ್ಲಾ ನಾನ್ ಲೆಕ್ಕ ಹಾಕಿಡ್ತೀನಿ. ನೀವ್ ಬರೋ ಹೊತ್ಗೆ ಪೈಪ್ ಕಟ್ ಆಗಿರ್ತದೆ."

"ಬರ್ತದಾ ನಿನ್ಗೆ?"

"ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು."

ಚಾಚಾ ಅತ್ತೆಯ ಮುಖ ನೋಡಿದರು. "ಓದೋ ಹುಡ್ಗ, ಮಾಡ್ಲಿ ಬಿಡಿ ಅಣ್ಣ," ಅಂದರು ಅತ್ತೆ.

ಚಾಚಾ ಹೊರಟ ಮೇಲೆ ನಾನು ಹುಳದ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗೋಡೆಯಿಂದ ಇರುವ ದೂರ x, ನೆಲದಿಂದ ಇರುವ ಎತ್ತರ y. ಅಡಿಗೆ ಎರಡಿಂಚು ಅಂದರೆ ಆರರಲ್ಲಿ ಒಂದು ಪಾಲು. ಕಂಬದ ತಲೆ ಆರು, ಎಂಟು. ಇದ್ದಿಲಿನಿಂದ ಗೋಡೆಯ ಮೇಲೆ, ದಾರಿಯಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪಗೆ ಬರೆದೆ:

y − 8 = (x − 6)/6

ಗೋಡೆಯ ಬಳಿ x ಸೊನ್ನೆ, ಎತ್ತರ ಏಳಡಿ. ತುದಿಯಲ್ಲಿ x ಹನ್ನೆರಡು, ಎತ್ತರ ಒಂಬತ್ತಡಿ. ಉತ್ತರ ಇಷ್ಟು ದುಂಡಗೆ ಬಂದ ಮೇಲೆ ತಪ್ಪಿರಲು ಸಾಧ್ಯವೇ ಇಲ್ಲ ಎಂದುಕೊಂಡೆ. ಪಕ್ಕದ ಮನೆಯಿಂದ ಡ್ರಿಲ್ ತಂದು ಗೋಡೆಯಲ್ಲಿ ಏಳಡಿಗೆ ಎರಡು ತೂತು ಕೊರೆದೆ. ವೆಲ್ಡಿಂಗ್ ಅಂಗಡಿಗೆ ಹೋಗಿ ಪೈಪು ಕತ್ತರಿಸಿ ತಂದೆ. ಗುಂಡಿಯೊಳಗೆ ಹೂತುಹೋಗುವಷ್ಟನ್ನು ಮರೆಯದೆ ಸೇರಿಸಿಕೊಂಡಿದ್ದೆ. ಅಷ್ಟು ಎಚ್ಚರ ನನ್ನದು.

ಮರುದಿನ ಚಾಚಾ ಬಂದರು. ಗೋಡೆಯನ್ನು ಓದಿದರು. ಪೈಪನ್ನು ಗುಂಡಿಯಲ್ಲಿ ನಿಲ್ಲಿಸಿ, ಅದರ ತುದಿಯಿಂದ ಕಂಬದ ತಲೆಯ ಮೇಲೆ ಹಾಯಿಸಿ ಗೋಡೆಯ ತೂತಿನವರೆಗೆ ದಾರ ಕಟ್ಟಿದರು.

"ಇದರ್ ಮೇಲೆ ಮಳೆ ಬಿದ್ರೆ ನೀರು ಎತ್ಲಾಗ್ ಹೋಗ್ತದೆ, ಬೇಟಾ?"

ದಾರದ ಜೊತೆ ನನ್ನ ಬೆರಳು ಹೊರಟಿತು. ಒಂಬತ್ತಡಿಯಿಂದ ಇಳಿದು, ಕಂಬ ದಾಟಿ, ಇನ್ನೂ ಇಳಿದು, ಸರಿಯಾಗಿ ಹುಳದ ಮನೆಯ ಬಾಗಿಲ ನೆತ್ತಿಗೆ ಬಂದು ನಿಂತಿತು. ಅದೇ ಬಾಗಿಲಿನಿಂದ ಅತ್ತೆ ಸೊಪ್ಪಿನ ಬುಟ್ಟಿ ಹಿಡಿದು ಹೊರಬಂದರು.

"ಏಮ್ರಾ, ನನ್ ಹುಳಕ್ಕೆ ಈಜ್ ಕಲ್ಸೋಣ ಅಂತಾನಾ?"

"ಚಾಚಾನೇ ಏರಿಸ್ಕೊಂಡ್ ಹೋಗು ಅಂದಿದ್ದು ಅತ್ತೆ."

"ಅಂದೆ," ಅಂದರು ಚಾಚಾ. "ನಾನ್ ಕೂತಿದ್ದಿದ್ದು ಎಲ್ಲಿ?"

ಗುಂಡಿಯ ಪಕ್ಕ ನಿನ್ನೆಯ ಬೀಡಿ ತುಂಡು ಇನ್ನೂ ಬಿದ್ದಿತ್ತು. "ನಾವ್ ಯಾವಾಗ್ಲೂ ನೀರು ಬೀಳೋ ತುದಿಯಿಂದ ವಾಟ ಹೇಳೋದು. ಅಲ್ಲಿಂದ ಗೋಡೆ ಕಡೆಗೆ ಏರ್ಬೇಕು."

ಅವರ ಏರು ನಾನು ನಿಂತ ಗೋಡೆಯಿಂದ ಇಳಿತ. ಅಂದರೆ ಮೈನಸ್. ಮತ್ತೆ ಅದೇ.

"ಲೆಕ್ಕ ಸರಿಯಾಗೇ ಐತೆ ಅತ್ತೆ. ನಿಂತ ಜಾಗ ಮಾತ್ರ ಒಂಚೂರು..."

"ಹಂಗಾದ್ರೆ ಮಳೆಗೂ ಒಂಚೂರು ಜಾಗ ಬದಲಾಯ್ಸು ಅಂತ ಹೇಳ್ಬಿಡು."

ಇದ್ದಿಲು ತಂದು (x − 6)/6ರ ಮುಂದೆ ಮೈನಸ್ಸಿನ ಒಂದು ಗೀಟು ಎಳೆದೆ. ಈಗ ಗೋಡೆಗೆ ಒಂಬತ್ತಡಿ, ತುದಿಗೆ ಏಳಡಿ. ಪುಣ್ಯಕ್ಕೆ ಪೈಪು ಎರಡಡಿ ಹೆಚ್ಚಾಗಿತ್ತು. ಕಡಿಮೆಯಾಗಿದ್ದರೆ ಹೊಸದೇ ತರಬೇಕಿತ್ತು. ವೆಲ್ಡಿಂಗ್ ಅಂಗಡಿಯವನು ನನ್ನನ್ನು ಮತ್ತೆ ನೋಡಿ, "ಏನ್ಲಾ, ನಿನ್ನೆ ತಾನೇ ಕಟ್ ಮಾಡ್ಸಿದ್ದಲ್ಲ, ರಾತ್ರಿ ಬೆಳ್ದ್ಬಿಡ್ತಾ?" ಅಂದ.

"ಹೂನಣ್ಣ, ಗೊಬ್ಬರ ಜಾಸ್ತಿ ಆಯ್ತು," ಅಂದೆ.

ಸಂಜೆಯೊಳಗೆ ಶೀಟು ಏರಿತು. ಮಾರನೆಯ ದಿನ ಹುಳು ಹಣ್ಣಾಗಿ ಚಂದ್ರಿಕೆ ಸೇರಿದವು, ಸೊಪ್ಪು ತಿನ್ನುವ ಸದ್ದು ನಿಂತುಹೋಯಿತು. ಅದರ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಆ ಸದ್ದು ಕೇಳಿಸಿತು. ಈ ಸಲ ಹುಳುವಲ್ಲ. ಅತ್ತೆ ತಟ್ಟೆ ಬಿಟ್ಟು ಓಡಿದರು, ಹಿಂದೆ ನಾನು. ನೀರು ಗೋಡೆಯ ಕಡೆಯಿಂದ ಹೊರಟು, ಕಂಬದ ತಲೆಯ ಮೇಲೆ ಹಾದು, ಚಾಚಾ ಕೂತಿದ್ದ ತುದಿಯಲ್ಲಿ ಧಾರೆಧಾರೆಯಾಗಿ ಬೀಳುತ್ತಿತ್ತು. ಅತ್ತೆ ಒಂದೊಂದೇ ಚಂದ್ರಿಕೆಯ ಅಂಚನ್ನು ಮುಟ್ಟಿ ನೋಡುತ್ತ ಕೊನೆಯವರೆಗೂ ಹೋದರು. ಎಲ್ಲವೂ ಒಣಗಿಯೇ ಇದ್ದವು. ಆ ನಿರಾಳದಲ್ಲಿ ನಾನು ಟೆಸ್ಟಿನಲ್ಲಿ ಹೋದ ಅಂಕದ ಕಥೆಯನ್ನೂ ಬಾಯಿಬಿಟ್ಟೆ. ಬಿಡಬಾರದಿತ್ತು.

ಏಳಡಿಯ ಎರಡು ತೂತುಗಳಿಗೆ ಅತ್ತೆ ಗೂಟ ಹೊಡೆದರು. ಒಂದಕ್ಕೆ ಕೊಡೆ ನೇತುಹಾಕಿದ್ದಾರೆ, ಇನ್ನೊಂದನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಮನೆಗೆ ಬಂದವರು ಅದೇನು ಎಂದು ಕೇಳಿದರೆ, "ಅದಾ? ನಮ್ ಹುಡುಗ್ನಿಗೆ ಬರ್ದೇ ಉಳಿದ ಒಂದ್ ಮಾರ್ಕು," ಅನ್ನುತ್ತಾರೆ.