ನಿಸರ್ಗ ಸುಮ್ಮನಾಗುವ ಗಳಿಗೆ

ಹೊಳೆನರಸೀಪುರಕ್ಕೆ ಹತ್ತಿರದ ಹಳ್ಳಿಯೊಂದರಲ್ಲಿ, ಹೇಮಾವತಿ ನಾಲೆಯ ಪಕ್ಕದಲ್ಲೇ ಅನಸೂಯಮ್ಮನ ಮನೆ. ಮಗ ರವೀಂದ್ರ, ಸೊಸೆ ಇಬ್ಬರೂ ಬೆಳಗಿನ ಬಸ್ಸಿಗೇ ಹಾಸನದ ಗಾರ್ಮೆಂಟ್ಸ್‌ಗೆ ಹೊರಟುಬಿಡುತ್ತಿದ್ದರು. ಮೂರನೇ ಕ್ಲಾಸಿನ ಮೊಮ್ಮಗಳು ನಿಸರ್ಗಳಿಗೆ ಜಡೆ ಹಾಕುವುದರಿಂದ ಹಿಡಿದು ಮಗ್ಗಿ ಒಪ್ಪಿಸಿಕೊಳ್ಳುವವರೆಗೆ ಎಲ್ಲ ಅಜ್ಜಿಯದೇ.

ಒಂದು ಸಂಜೆ ಹಸು ಕರೆಯಲು ಕೂತಿದ್ದಾಗ ಕ್ಲಾಸ್ ಟೀಚರ್ ಭವ್ಯಶ್ರೀ ಮನೆಗೇ ಬಂದರು. ಅನಸೂಯಮ್ಮ ಚೆಂಬು ಕೆಳಗಿಟ್ಟು ಎದ್ದಳು.

"ಅಮ್ಮ, ಪಾಠ ಕೇಳ್ತಾ ಕೇಳ್ತಾನೇ ನಿಸರ್ಗ ಸುಮ್ಮನಾಗಿಬಿಡ್ತಾಳೆ. ಕಣ್ಣು ಒಂದೇ ಕಡೆ ನಿಂತುಹೋಗುತ್ತೆ, ಕೂಗಿದ್ರೂ ಕೇಳ್ಸಲ್ಲ. ಗಮನ ಇಲ್ಲ ಅಂದ್ಕೊಂಡು ನಾನೂ ಒಂದ್ಸಲ ಹೊರಗೆ ನಿಲ್ಲಿಸಿದ್ದೆ. ಅದು ಹಟ ಅಲ್ಲ ಅನ್ಸುತ್ತೆ. ಹಾಸನದಲ್ಲಿ ಡಾಕ್ಟರಿಗೆ ತೋರಿಸಿ."

ಅನಸೂಯಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ಅವಳ ತಂಗಿ ಪುಟ್ಟತಾಯಿಗೆ ಮೂರ್ಛೆ ರೋಗವಿತ್ತು. ಊರಿಗೆ ಗೊತ್ತಾದ ಮೇಲೆ ಶಾಲೆ ಬಿಡಿಸಿದರು, ಆಮೇಲೆ ಹಬ್ಬಕ್ಕೂ ಹೊರಗೆ ಕರೆಯಲಿಲ್ಲ. ಒಳಮನೆಯಲ್ಲೇ ಅವಳ ಆಯಸ್ಸು ಮುಗಿದಿತ್ತು.

"ನಮ್ ಮಗೀಗೆ ಏನೂ ಇಲ್ಲ ಮೇಡಂ. ನೀವು ಊರೆಲ್ಲ ಏಳ್ಕೊಂಡು ತಿರುಗ್ಬ್ಯಾಡಿ," ಎಂದು ಬಾಗಿಲಲ್ಲೇ ಮಾತು ಮುಗಿಸಿದಳು. ಮಗ ಸೊಸೆಗೂ ಹೇಳಲಿಲ್ಲ. ಮಾರನೆಯ ದಿನದಿಂದ ಜ್ವರದ ನೆಪ ಮಾಡಿ ಮಗುವನ್ನು ಶಾಲೆಗೆ ಕಳಿಸುವುದನ್ನೇ ಬಿಟ್ಟಳು. ಆದರೆ ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಎಲ್ಲಿದ್ದರೂ ಕಣ್ಣು ಮಾತ್ರ ಮಗುವಿನ ಮುಖದ ಮೇಲೇ.

ಆ ವಾರವೇ ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ನೀರು ಬಿಟ್ಟಿದ್ದರಿಂದ ನಾಲೆ ತುಂಬಿ ಹರಿಯುತ್ತಿತ್ತು. ಮೇಲಿನ ಮೆಟ್ಟಿಲಲ್ಲಿ ಕೂತಿರು ಎಂದಿದ್ದರೂ ನಿಸರ್ಗ ಬಕೆಟ್ ಹಿಡಿದು ಇಳಿದು ಬಂದಿದ್ದಳು. ಬಕೆಟ್ ನೀರಿಗೆ ಬಿದ್ದ ಸದ್ದಾಯಿತು. ಅನಸೂಯಮ್ಮ ತಲೆಯೆತ್ತಿದಳು. ಪಾಚಿಗಟ್ಟಿದ ಕೊನೆಯ ಮೆಟ್ಟಿಲ ಅಂಚಿನಲ್ಲಿ ಮಗು ನಿಂತಿತ್ತು. ಕಣ್ಣು ಎಲ್ಲೋ ನೆಟ್ಟಿತ್ತು, ರೆಪ್ಪೆ ಪಟಪಟ ಅದುರುತ್ತಿತ್ತು.

"ನಿಸರ್ಗಾ! ಇಂದಕ್ಕೆ ಬಾರೇ!"

ಉತ್ತರವಿಲ್ಲ. ಒಂದು ಕಾಲು ಮೆಲ್ಲಗೆ ಜಾರುತ್ತಿತ್ತು. ಅನಸೂಯಮ್ಮ ಸೀರೆ ಎತ್ತಿಕಟ್ಟಲೂ ನಿಲ್ಲದೆ ಕಲ್ಲಿಂದ ಕಲ್ಲಿಗೆ ಹಾರಿದಳು. ಮಂಡಿ ತರಚಿತು. ಮಗುವಿನ ಲಂಗ ಕೈಗೆ ಸಿಕ್ಕಿತು, ಬಲವಾಗಿ ಎಳೆದುಕೊಂಡಳು. ಬಕೆಟ್ ಆಗಲೇ ಸೆಳವಿಗೆ ಸಿಕ್ಕಿ ಸೇತುವೆ ಕೆಳಗೆ ಮರೆಯಾಗಿತ್ತು.

ನಿಸರ್ಗ ಕಣ್ಣು ಪಿಳಿಪಿಳಿ ಬಿಟ್ಟು, "ಯಾಕಜ್ಜಿ ಇಷ್ಟು ಗಟ್ಟಿಯಾಗಿ ಇಡ್ಕೊಂಡಿದ್ದೀಯ? ಬಕೆಟ್ ಎಲ್ಲೋಯ್ತು?" ಎಂದಳು.

ಅನಸೂಯಮ್ಮ ಬಟ್ಟೆಯನ್ನು ಅಲ್ಲೇ ಬಿಟ್ಟು, ಮಗುವಿನ ಕೈ ಹಿಡಿದು ನೆಟ್ಟಗೆ ಶಾಲೆಗೆ ನಡೆದಳು. ಒದ್ದೆ ಸೀರೆಯಲ್ಲಿ ಬಾಗಿಲಿಗೆ ಬಂದು ನಿಂತವಳನ್ನು ಕಂಡು ಭವ್ಯಶ್ರೀ ಪಾಠ ನಿಲ್ಲಿಸಿ ಹೊರಗೆ ಬಂದರು.

"ನೀವು ಏಳಿದ್ದು ನಿಜ ಮೇಡಂ. ನನ್ ಕಣ್ಮುಂದೇನೇ ಆಯ್ತು. ಇವತ್ತು ಮಗು ನನ್ನ ಕೈ ತಪ್ಪೋಗ್ತಿತ್ತು."

ಆ ರಾತ್ರಿ ಮಗನಿಗೂ ಸೊಸೆಗೂ ಎಲ್ಲ ಹೇಳಿದಳು. "ನಮ್ಮಿಂದ್ಲೂ ಮುಚ್ಚಿಟ್ಟೆಯಲ್ಲವ್ವಾ," ಎಂದ ರವೀಂದ್ರನ ಮಾತಿಗೆ ತಲೆ ತಗ್ಗಿಸಿದಳು. ಎರಡು ದಿನದಲ್ಲೇ ಎಲ್ಲರೂ ಹಾಸನದ ಆಸ್ಪತ್ರೆಗೆ ಹೋದರು. ಭವ್ಯಶ್ರೀ ಕೂಡ ರಜೆ ಹಾಕಿ ಜೊತೆಗೆ ಬಂದಿದ್ದರು. ಕ್ಲಾಸಿನಲ್ಲಿ ಕಂಡಿದ್ದನ್ನು ಟೀಚರಿಂದ, ನಾಲೆಯ ಬಳಿ ಕಂಡಿದ್ದನ್ನು ಅಜ್ಜಿಯಿಂದ ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದರು. ಆಮೇಲೆ, ಜೋರಾಗಿ ಉಸಿರಾಡಿದರೆ ಅದು ಕಣ್ಣೆದುರೇ ಕಾಣಿಸಿಕೊಳ್ಳಬಹುದೆಂದು, ನಿಸರ್ಗಳ ಮುಂದೊಂದು ಕಾಗದ ಹಿಡಿದು ಬಿಡದೆ ಊದಲು ಹೇಳಿದರು. ಊದುತ್ತಿದ್ದ ಮಗು ಥಟ್ಟನೆ ನಿಂತಿತು. ಅದೇ ನೋಟ. ಮಗುವಿಗೆ ಎಚ್ಚರ ಬಂದು ಮತ್ತೆ ಊದತೊಡಗಿದಾಗ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಇದೂ ಫಿಟ್ಸೇ, ಆದರೆ ಬೀಳಿಸೋದಿಲ್ಲ, ಗಳಿಗೆ ಹೊತ್ತು ಮರೆಸುತ್ತೆ. ಇನ್ನೂ ಒಂದೆರಡು ಪರೀಕ್ಷೆ ಮಾಡಿ ಮಾತ್ರೆ ಬರೀತೀನಿ. ತಪ್ಪಿಸದೆ ಕೊಟ್ಟರೆ ಬಹುತೇಕ ಮಕ್ಕಳಿಗೆ ಹತೋಟಿಗೆ ಬರುತ್ತೆ. ನೀರಿನ ಹತ್ತಿರ ಒಬ್ಬಳನ್ನೇ ಬಿಡಬೇಡಿ. ಶಾಲೆ ಬಿಡಿಸಬೇಡಿ," ಎಂದರು ಡಾಕ್ಟರು.

ಸುದ್ದಿ ಊರಲ್ಲಿ ಹರಡದೆ ಇರಲಿಲ್ಲ. ಪೋಷಕರ ಸಭೆಯಲ್ಲಿ, ನಿಸರ್ಗಳ ಬೆಂಚಿನಲ್ಲೇ ಕೂರುವ ಪ್ರೇಕ್ಷಾಳ ಅಪ್ಪ ಪರಮೇಶ್ ಎದ್ದು ನಿಂತ.

"ನಮ್ ಮಗೀನ ಬ್ಯಾರೆ ಕಡೆ ಕೂರ್ಸಿ ಮೇಡಂ. ಅಂಟ್ಕಂಡ್ರೆ ಯಾರು ಓಣೆ?"

"ಇದು ಅಂಟೋ ರೋಗ ಅಲ್ಲ ಪರಮೇಶ್," ಎಂದು ಭವ್ಯಶ್ರೀ ಶುರುಮಾಡುವಷ್ಟರಲ್ಲಿ ಅನಸೂಯಮ್ಮ ಎದ್ದಳು. ಸಭೆಯಲ್ಲಿ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

"ಪರಮೇಶಾ, ನನ್ ತಂಗಿ ಜತೇಲಿ ಒಂದೇ ಚಾಪೇಲಿ ಮಲಗ್ದೋಳು ನಾನು. ನಂಗೇನು ಅಂಟ್ತಾ? ಅವ್ಳನ್ನ ಒಳಗೆ ಕೂಡಾಕಿ ಸಾಯ್ಸಿದ್ದು ರೋಗ ಅಲ್ಲ ಕಣಪ್ಪ, ನಾವೇಯ. ಈ ಮಗೀಗೂ ಅಂಗೇ ಮಾಡಾಣಾ?"

ಪರಮೇಶ್ ಟವೆಲ್ ಕೊಡವಿಕೊಂಡು ಕೂತ. ಮಗು ಸುಮ್ಮನಾದರೆ ಗದರದೆ, ಎಳೆದಾಡದೆ ಪಕ್ಕದಲ್ಲೇ ಇದ್ದು ದೊಡ್ಡವರಿಗೆ ಹೇಳಬೇಕೆಂದು ಭವ್ಯಶ್ರೀ ಎಲ್ಲರಿಗೂ ತಿಳಿಸಿದರು. ಸೋಮವಾರ ಪ್ರೇಕ್ಷಾ ಬಂದು ಅದೇ ಬೆಂಚಿನಲ್ಲಿ ಕೂತಳು. ಅವಳಪ್ಪ ಹೇಳಿದನೋ, ಅವಳೇ ಕೂತಳೋ, ಯಾರೂ ಕೇಳಲಿಲ್ಲ.

ಮಾತ್ರೆ ಹಿಡಿಯಲು ಕೆಲವು ತಿಂಗಳೇ ಬೇಕಾಯಿತು. ಮೊದಮೊದಲು ಮಗುವಿಗೆ ಮಂಪರು, ಊಟ ಸೇರದು. ಮನೆಯಲ್ಲಿ ಕಂಡಿದ್ದನ್ನು ಅನಸೂಯಮ್ಮ ಫೋನಿನಲ್ಲಿ ಟೀಚರಿಗೆ ಹೇಳುತ್ತಿದ್ದಳು, ಕ್ಲಾಸಿನಲ್ಲಿ ಕಂಡಿದ್ದನ್ನು ಅವರು ಇವಳಿಗೆ. ನಡುವೆ ತಪ್ಪಿಹೋಗಿದ್ದ ಭಾಗಾಕಾರವನ್ನು ಭವ್ಯಶ್ರೀ ಊಟದ ಬಿಡುವಿನಲ್ಲಿ ಮತ್ತೆ ಹೇಳಿಕೊಟ್ಟರು. ಈಗ ನಿಸರ್ಗ ನಾಲ್ಕನೇ ಕ್ಲಾಸು. ಸುಮ್ಮನಾಗುವುದು ನಿಂತೇಹೋಗಿದೆ ಎನ್ನಬಹುದು. ಆದರೂ ಮಾತಿನ ನಡುವೆ ಅವಳು ಯೋಚಿಸಲು ತಡೆದರೆ ಸಾಕು, ಅಜ್ಜಿಯ ಕೈಯಲ್ಲಿನ ಕೆಲಸ ನಿಲ್ಲುತ್ತದೆ.